ಎಂಟಕ್ಷರದ ಬೇಳೆಸಾರು

ಬೆಳಿಗ್ಗೆ ಐದೂವರೆಗೆ ಎದ್ದು ಹಿತ್ತಲ ಬಾಗಿಲು ತೆಗೆದೆ. ಕಾಲುವೆಯ ಕಡೆಯಿಂದ ಬಟ್ಟೆ ಒಗೆಯುವ ಸದ್ದು ಆಗಲೇ ಶುರುವಾಗಿತ್ತು. ಅಂಗಳ ಗುಡಿಸಿ ನೀರು ಹಾಕಿ ಒಂದು ಸಣ್ಣ ರಂಗೋಲಿ ಬಿಟ್ಟೆ. ಹದಿನಾರು ದಿನದ ಮೇಲೆ ಬಿಡುತ್ತಿದ್ದುದರಿಂದ ಒಂದು ಚುಕ್ಕೆ ಹೆಚ್ಚಾಗಿ ಬಿತ್ತು. ಅದನ್ನು ಬೆರಳಿನಿಂದ ಒರೆಸಿದೆ. ನಲ್ಲಿಯಲ್ಲಿ ನೀರು ಬಂತು, ಎರಡು ಕೊಡ ಹಿಡಿದೆ. ಹಾಲಿನವಳು ಬಂದಳು, ಪಾತ್ರೆಗೆ ಹಾಲು ಸುರಿದು ಹೋದಳು. ನಮ್ಮವರು ಕಿಟಕಿಯ ಸರಳಿಗೆ ಕನ್ನಡಿ ಸಿಕ್ಕಿಸಿ ಗಡ್ಡ ಮಾಡಿಕೊಳ್ಳುತ್ತಿದ್ದರು. ಅರ್ಧ ಮುಖಕ್ಕೆ ನೊರೆ ಇದ್ದಾಗಲೇ ಕೈ ನಿಲ್ಲಿಸಿ, ಕನ್ನಡಿಯನ್ನೇ ನೋಡುತ್ತ ಹೇಳಿದರು:

"ಶಾರದಾ, ಇವತ್ತು ನೀನೂ ಆಫೀಸಿಗೆ ಬಾ. ಒಂದ್ ಕೆಲಸ ಐತಿ."

ಮದುವೆಯಾಗಿ ಹದಿಮೂರು ವರ್ಷದಲ್ಲಿ ಒಮ್ಮೆಯೂ ಅವರು ಹಾಗೆ ಕರೆದಿರಲಿಲ್ಲ. ಹಗ್ಗದ ಮೇಲೆ ಪಂಪನ ಟವೆಲ್ ಒಣಗುತ್ತಿತ್ತು. ಮೂರು ಸಲ ಒಗೆದರೂ ಅದರ ಅಂಚಿನ ಅದಿರಿನ ಕೆಂಪು ಹೋಗಿರಲಿಲ್ಲ.

ಪಂಪ, ಪಂಪಾಪತಿ, ನನ್ನ ತಮ್ಮ. ನನಗಿಂತ ಒಂಬತ್ತು ವರ್ಷ ಚಿಕ್ಕವನು. ಹದಿನಾರು ದಿನದ ಹಿಂದೆ ಅವನು ತೀರಿಕೊಂಡಿದ್ದ. ಕಂಪ್ಲಿಯಲ್ಲಿ, ನಮ್ಮ ಗದ್ದೆಯ ಮೂಲೆಯಲ್ಲಿ, ಅಪ್ಪನ ಪಕ್ಕದಲ್ಲಿ ಮಣ್ಣು ಮಾಡಿ ಬಂದಿದ್ದೆವು.

ನಾನು ಹೇಳುತ್ತಿರುವುದು ತೊಂಬತ್ತರ ದಶಕದ ಮೊದಲ ವರ್ಷಗಳ ಮಾತು. ಹೊಸಪೇಟೆಯಲ್ಲಿ ಆಗ ಕಂಪ್ಯೂಟರ್ ಎಂದರೆ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಿ ನೋಡುವ ವಸ್ತು. ನಮ್ಮವರು ಒಂದು ಅದಿರು ಕಂಪನಿಯ ಆಫೀಸಿನಲ್ಲಿ ಮ್ಯಾನೇಜರ್ ಆಗಿದ್ದರು. ಕಂಪನಿಯ ಗಣಿ ಸಂಡೂರಿನ ಬೆಟ್ಟದ ಮೇಲಿತ್ತು. ಬೆಟ್ಟಕ್ಕೆ ಒಂದು ಫೋನ್ ಲೈನ್ ಇತ್ತು, ಎರಡು ಹನಿ ಬಿದ್ದರೆ ಸಾಯುತ್ತಿತ್ತು. ಅದಕ್ಕೇ ಕಂಪನಿಯವರು ಹೊಸಪೇಟೆಯ ಆಫೀಸಿನ ಮಾಳಿಗೆಯ ಮೇಲೊಂದು, ಬೆಟ್ಟದ ಆಫೀಸಿನ ಮೇಲೊಂದು ಡಿಶ್ ಕೂರಿಸಿದರು. ಅದರಲ್ಲಿ ಮಾತು ಬರುವುದಿಲ್ಲ, ಬರೆದದ್ದು ಮಾತ್ರ ಹೋಗುತ್ತದೆ, ಬರುತ್ತದೆ. ಎಷ್ಟು ಅದಿರು ತೆಗೆದರು, ಯಾವ ಗಾಡಿಗೆ ತುಂಬಿದರು, ಅಂಥದ್ದೆಲ್ಲ. ಬೆಟ್ಟದ ಮೇಲೆ ಅದನ್ನು ನೋಡಿಕೊಳ್ಳಲು ಒಬ್ಬ ಹುಡುಗ ಬೇಕಾದಾಗ ನಮ್ಮವರು ಪಂಪನ ಹೆಸರು ಹೇಳಿದರು. ಹೊಸಪೇಟೆಯಲ್ಲೇ ಆರು ತಿಂಗಳು ಕಂಪ್ಯೂಟರ್ ಕಲಿತು ಸುಮ್ಮನೆ ಕೂತಿದ್ದ. ಅವ್ವ ಖುಷಿಯಾಗಿ ಕಂಪ್ಲಿಯಿಂದ ಒಂದು ಚೀಲ ಸೋನಾ ಮಸೂರಿ ಕಳಿಸಿದಳು.

"ಆಕಾಶದಾಗ ಹೋಗೋ ಪತ್ರ ಯಾರು ಬೇಕಾದ್ರೂ ಹಿಡೀಬಹುದು," ಎಂದು ನಮ್ಮವರು ಒಂದು ದಿನ ಊಟಕ್ಕೆ ಕೂತು ನನಗೆ ತಿಳಿಸಿ ಹೇಳಿದರು. "ಅದಕ್ಕ ಬೀಗ ಹಾಕಿ ಕಳಸ್ತೀವಿ. ಬೀಗ ಅಂದ್ರ ಕಬ್ಬಿಣದ್ದಲ್ಲ, ಲೆಕ್ಕದ್ದು. ಅಕ್ಷರ ಎಲ್ಲಾ ಕಲಸಿ ಒಗೀತದ."

"ಬೇರೆಯವರು ಅದೇ ಬೀಗ ತಂದರೆ?"

"ಬೀಗ ಎಲ್ಲಾರ ಹತ್ರಾನೂ ಐತಿ. ಜಗತ್ತಿಗೆಲ್ಲಾ ಒಂದೇ ನಮೂನಿ ಬೀಗ, ಅದನ್ನ ಹೆಂಗ ಮಾಡ್ಯಾರ ಅಂತ ಪುಸ್ತಕದಾಗ ಅಚ್ಚು ಹಾಕ್ಯಾರ. ಗುಟ್ಟೆಲ್ಲಾ ಕೀಲಿಯಾಗ. ಹಾಕಾಕೂ ಅದೇ ಕೀಲಿ, ತಗ್ಯಾಕೂ ಅದೇ ಕೀಲಿ. ಇಲ್ಲಿ ನಾ ಯಾವ ಶಬ್ದ ಹೊಡೀತೀನಿ, ಅಲ್ಲಿ ಪಂಪನೂ ಅದೇ ಶಬ್ದ ಹೊಡೀಬೇಕು. ಇಂಗ್ಲಿಷ್ ಅಕ್ಷರ ಎಂಟು. ಹೆಚ್ಚು ಇಲ್ಲ, ಕಮ್ಮಿ ಇಲ್ಲ."

ವಾರಕ್ಕೊಂದು ಹೊಸ ಶಬ್ದ ಬೇಕು, ಸೋಮವಾರ ಬದಲಾಯಿಸಬೇಕು ಎನ್ನುವುದು ಕಂಪನಿಯ ನಿಯಮ. ನಮ್ಮವರಿಗೆ ಶಬ್ದ ಹೊಳೆಯುತ್ತಿರಲಿಲ್ಲ. ಆ ಕೆಲಸ ನನಗೆ ಬಂತು. ನನ್ನನ್ನು ಅಪ್ಪ ಬಳ್ಳಾರಿಯ ಕಾನ್ವೆಂಟಿನಲ್ಲಿ ಇಟ್ಟು ಓದಿಸಿದ್ದ. ಕಾಲುವೆ ನೀರು ಬಂದು, ವರ್ಷಕ್ಕೆ ಎರಡು ಬೆಳೆ ಭತ್ತ ಬರತೊಡಗಿದ ಹೊಸತರಲ್ಲಿ ಅವನಿಗೆ ಮಗಳು ಇಂಗ್ಲಿಷ್ ಮಾತಾಡುವುದನ್ನು ಕೇಳುವ ಆಸೆ ಹುಟ್ಟಿತ್ತು. ಅಲ್ಲಿ ಡಿಕ್ಟೇಷನ್‌ನಲ್ಲಿ ಒಂದು ಅಕ್ಷರ ತಪ್ಪಿದರೆ ಹತ್ತು ಸಲ ಬರೆಸುತ್ತಿದ್ದರು. ನನಗೆ ಅಕ್ಷರ ತಪ್ಪುತ್ತಿರಲಿಲ್ಲ. ಪಂಪನನ್ನೂ ಅಪ್ಪ ಹಾಸ್ಟೆಲ್ಲಿಗೆ ಹಾಕಿದ್ದ. ಅವನು ಮೂರನೆಯ ದಿನ ಬಸ್ಸು ಹತ್ತಿ ಕಂಪ್ಲಿಗೆ ಬಂದುಬಿಟ್ಟ, ಅಲ್ಲಿಯೇ ಕನ್ನಡ ಶಾಲೆಯಲ್ಲಿ ಓದಿದ. ರಜೆಗೆ ಬಂದಾಗಲೆಲ್ಲ ನಾನು ಅವನ ಮಾತು ತಿದ್ದುತ್ತಿದ್ದೆ. "ಮ್ಯಾಲೆ ಅಲ್ಲೋ, ಮೇಲೆ." ಅವನು, "ಆತು ತಗೋ ಟೀಚರಮ್ಮ, ಮೇಲ್ಯಾ," ಎಂದು ಓಡುತ್ತಿದ್ದ.

ಒಲೆಯ ಮುಂದೆ ನಿಂತವಳಿಗೆ ಹೊಳೆಯುವುದು ಒಲೆಯ ಮೇಲಿನದೇ. ಬೆರಳು ಮಡಿಸಿ ಎಣಿಸಿದರೆ ಕರಿಬೇವು ಸರಿಯಾಗಿ ಎಂಟು ಬರುತ್ತಿತ್ತು. ಕಲ್ಲುಪ್ಪು ಎಂಟು. ಮಂಡಕ್ಕಿ ಎಂಟು. ಅಕ್ಕಿರೊಟ್ಟಿಯನ್ನು ಒಂದು ಟಿ ಕಿತ್ತು ಎಂಟಕ್ಕೆ ತಂದೆ. ಆ ವಾರ ಪಂಪನಿಗೆ ಕೀಲಿ ಸಿಗದೆ, ಮಧ್ಯಾಹ್ನ ನಮ್ಮವರಿಗೆ ಫೋನ್ ಮಾಡಿ, "ಭಾವ, ಅಕ್ಕನ ರೊಟ್ಟಿಗೆ ಟಿ ಎಷ್ಟ್ರೀ?" ಎಂದು ಕೇಳಿದ್ದನಂತೆ. ಅದನ್ನು ಹೇಳಿಕೊಂಡು ರಾತ್ರಿ ಊಟದ ಹೊತ್ತಿಗೆ ಇಬ್ಬರೂ ನಕ್ಕಿದ್ದೆವು. ಆಗ ಎಚ್ಚರವಾಗಬೇಕಿತ್ತು. ಆಗಲಿಲ್ಲ.

ಫೋನಿನಲ್ಲಿ ಒಂದೊಂದೇ ಅಕ್ಷರ ಹೇಳುವಂತಿರಲಿಲ್ಲ. ಎಕ್ಸ್‌ಚೇಂಜಿನಲ್ಲಿ ಯಾರಾದರೂ ಕೇಳಿಸಿಕೊಂಡರೆ ಬೀಗ ಹಾಕಿ ಏನು ಬಂತು ಎಂದು ನಮ್ಮವರ ವಾದ. ಅದಕ್ಕೆ ಭಾವ ಮೈದುನ ಇಬ್ಬರೂ ಒಂದು ಪದ್ಧತಿ ಮಾಡಿಕೊಂಡಿದ್ದರು. ಸೋಮವಾರ ಬೆಳಿಗ್ಗೆ ಮನೆಯ ಮಾತಿನೊಳಗೆ ಆ ಶಬ್ದ ಸೇರಿಸಿ ಹೇಳುವುದು. "ನಿಮ್ಮಕ್ಕ ಕಲ್ಲುಪ್ಪು ತಗೊಂಬಾ ಅಂದಾಳಪಾ," ಎಂದರೆ ಆ ವಾರದ ಕೀಲಿ ಕಲ್ಲುಪ್ಪು. ಪಂಪ ಹದಿನೈದು ದಿನಕ್ಕೊಮ್ಮೆ ಬಸ್ಸಿನಲ್ಲಿ ಇಳಿದು ಬಂದಾಗ ದೂರುತ್ತಿದ್ದ. "ಅಕ್ಕ, ನೀ ಬರೇ ಉಪ್ಪು ಮಂಡಕ್ಕಿ ಕಳಿಸಿದ್ರ ಹೊಟ್ಟಿ ತುಂಬ್ತದೇನು? ತಿಪ್ಪಣ್ಣನ ಜ್ವಾಳದ ರೊಟ್ಟಿ ತಿಂದೂ ತಿಂದೂ ನನ್ನ ಹಲ್ಲು ಸವದಾವು. ಒಂದ್ ವಾರನಾರ ಚಲೋ ಅಡಗಿ ಕಳಸು."

ತಿಪ್ಪಣ್ಣ ಗಣಿಯ ಕಾವಲುಗಾರ, ವಯಸ್ಸಾದವನು.

ಹಾಗಾಗಿ ಮುಂದಿನ ಸೋಮವಾರಕ್ಕೆ ನಾನು ಬೇಳೆಸಾರು ಹುಡುಕಿದೆ. ಅವನಿಗೆ ಬೇಳೆಸಾರು ಎಂದರೆ ಪ್ರಾಣ. ಬಿ, ಇ, ಎಲ್, ಇ, ಎಸ್, ಎ, ಆರ್, ಯು. ಎರಡು ಸಲ ಎಣಿಸಿದೆ, ಒಂದೂ ಹೆಚ್ಚಿಲ್ಲ, ಒಂದೂ ಕಮ್ಮಿ ಇಲ್ಲ. ಕ್ಯಾಲೆಂಡರಿನ ಹಿಂದೆ ಬರೆದು ನಮ್ಮವರಿಗೆ ತೋರಿಸಿದಾಗ ನನಗೆ ಎಷ್ಟು ಹೆಮ್ಮೆಯಾಗಿತ್ತೆಂದು ಹೇಳಲು ನಾಚಿಕೆಯಾಗುತ್ತದೆ.

ದಸರೆಯ ಮುಂಚಿನ ವಾರ ಅದು. ಬೆಟ್ಟದಲ್ಲಿ ಬಿಡದೆ ಮಳೆ. ಗಣಿಯ ಕೆಲಸ ನಿಂತು ಕೂಲಿಯವರೆಲ್ಲ ಹಬ್ಬಕ್ಕೆಂದು ಊರಿಗೆ ಹೋಗಿದ್ದರು. ಮೇಲೆ ಉಳಿದವರು ಪಂಪ ಮತ್ತು ತಿಪ್ಪಣ್ಣ ಇಬ್ಬರೇ. ಹೊಸಪೇಟೆಯಲ್ಲಿ ಮಾತ್ರ ಚುರುಗುಟ್ಟುವ ಬಿಸಿಲು. ದಕ್ಷಿಣಕ್ಕೆ ನೋಡಿದರೆ ಬೆಟ್ಟದ ಸಾಲಿನ ಮೇಲೆ ಕಪ್ಪು ಕಂಬಳಿ ಹೊದಿಸಿದಂತೆ ಕಾಣುತ್ತಿತ್ತು. ಸೋಮವಾರ ಬೆಳಿಗ್ಗೆ ನಮ್ಮವರು ಫೋನಿನಲ್ಲಿ ಹೇಳಬೇಕಾದದ್ದು ಹೇಳಿದರು. ಸಾಮಾನ್ಯವಾಗಿ ಆಮೇಲೆ ಒಂದು ಸಾಲು ಕಳಿಸಿ, ಅದು ಅಲ್ಲಿ ತೆರೆಯಿತೆಂದು ಫೋನಿನಲ್ಲೇ ಕೇಳಿ ಖಾತ್ರಿ ಮಾಡಿಕೊಳ್ಳುತ್ತಿದ್ದರು. ಆ ದಿನ ಖಾತ್ರಿ ಮಾಡಿಕೊಳ್ಳುವ ಮೊದಲೇ ಲೈನ್ ಹೋಯಿತು.

ಮಂಗಳವಾರ ಬೆಟ್ಟದಿಂದ ಒಂದು ಪತ್ರ ಬಂತು, ಕೀಲಿ ಹಾಕಿದರೂ ತೆರೆಯಲಿಲ್ಲ. ಬುಧವಾರ ಮಧ್ಯಾಹ್ನ ನಮ್ಮವರು ಊಟಕ್ಕೆ ಬಂದಾಗ ಎರಡು ಅಂಚಿಗೂ ತೂತಿರುವ ಉದ್ದನೆಯ ಕಾಗದವೊಂದನ್ನು ತಂದಿದ್ದರು. "ನೋಡು, ನಿನ್ನ ತಮ್ಮ ಏನ್ ಕಳಿಸ್ಯಾನ," ಎಂದು ಮೇಜಿನ ಮೇಲೆ ಹಾಕಿದರು. ಇಸ್ಪೀಟು ಎಲೆಯ ಗುರುತುಗಳು, ಮುರಿದ ಗೆರೆಗಳು, ಅಡ್ಡಾದಿಡ್ಡಿ ಅಕ್ಷರಗಳು, ನಡುವೆ ಅಲ್ಲಲ್ಲಿ ಪುಟ್ಟದೊಂದು ನಗುವ ಮುಖ.

"ಬೆಟ್ಟದ ಮ್ಯಾಲೆ ಕುಂತು ಇಸ್ಪೀಟ್ ಆಡಾಕ ಹತ್ಯಾನ," ಎಂದರು.

"ಹಳೇ ವಾರದ ಶಬ್ದ ಹಾಕಿ ನೋಡಿದಿರಾ? ಬದಲಾಯಿಸುವುದು ಮರೆತಿರಬೇಕು."

"ನೋಡ್ದೆ, ಅದಕ್ಕೂ ತಗೀವಲ್ದು. ಡಿಶ್‌ನಾಗ ನೀರು ಹೊಕ್ಕಿರಬೇಕು. ನಾ ಕಳಿಸಿದ್ದೂ ಅವಗ ಹಿಂಗ ಕಾಣಕತ್ತಿರಬೇಕು."

"ಬೀಗ ಹಾಕದೇ ಕಳಿಸು ಅಂತ ಹೇಳಬಾರದೇ?"

"ಹೆಂಗ ಹೇಳ್ಲಿ? ಬೀಗ ಇಲ್ಲದ ಒಂದ್ ಅಕ್ಷರ ಹೊರಗ ಹೋಗದಂಗ ಬೆಂಗಳೂರಿನವರು ಕಟ್ಟಿಟ್ಟಾರ." ಕೈ ತೊಳೆದು ಬಂದು ಕೂತರು. "ಪತ್ರ ಅಂತೂ ಬರಾಕತ್ತಾವು. ಅಂದ್ರ ಹುಡುಗ ಕುರ್ಚಿ ಮ್ಯಾಲೆ ಕುಂತಾನ, ಆರಾಮ ಅದಾನ. ಶುಕ್ರವಾರ ಲೈನ್‌ಮನ್ ಜತಿ ನಾನೇ ಹೋಗಿ ಬರ್ತೀನಿ."

ನನಗೂ ಅದು ಸರಿಯೆನಿಸಿತು. ಪತ್ರ ಬರುತ್ತಿದೆಯೆಂದರೆ ಪಂಪ ಇದ್ದಾನೆ. ಬಿಸಿ ಸಾರಿನ ಪಾತ್ರೆ ಇಳಿಸಿದೆ. ಮೇಜಿಗೆ ಕಲೆಯಾಗಬಾರದೆಂದು ಆ ಕಾಗದವನ್ನೇ ಮಡಿಸಿ ಕೆಳಗಿಟ್ಟೆ.

ಶುಕ್ರವಾರ ಬೆಳಿಗ್ಗೆ ನಮ್ಮವರು ಹೊರಡುವ ಹೊತ್ತಿಗೆ ಸಂಡೂರಿನಿಂದ ಆಫೀಸಿಗೆ ಫೋನ್ ಬಂತು. ತಿಪ್ಪಣ್ಣ ಆಸ್ಪತ್ರೆಯಿಂದ ಮಾತಾಡುತ್ತಿದ್ದ. ಬುಧವಾರ ಸಂಜೆ ಬೆಟ್ಟದ ಬುಡದ ಹಳ್ಳ ತುಂಬಿ ಗುರುವಾರ ರಾತ್ರಿಯವರೆಗೂ ದಾಟಲಾಗಿರಲಿಲ್ಲ. ಅದು ಇಳಿದ ಮೇಲೆ ಪಂಪನನ್ನು ಹೆಗಲ ಮೇಲೆ ಹೊತ್ತು ಇಳಿದು, ಕೆಳಗಿನ ಹಳ್ಳಿಯಲ್ಲಿ ಬಂಡಿ ಕಟ್ಟಿಸಿಕೊಂಡು ಬಂದಿದ್ದ. ನಾವು ಹೋದಾಗ ಪಂಪನಿಗೆ ನನ್ನ ಗುರುತು ಹತ್ತಲಿಲ್ಲ. ಅವನ ಹಣೆ ಮುಟ್ಟಿದ ಅಂಗೈ ಆಮೇಲೆ ಎಷ್ಟೋ ಹೊತ್ತು ಬಿಸಿಯಾಗಿಯೇ ಇತ್ತು. ಮಲೇರಿಯಾ ಮಿದುಳಿಗೆ ಏರಿದೆ ಎಂದರು ಡಾಕ್ಟರು. ಎರಡು ದಿನ ಮೊದಲು ತರಬೇಕಿತ್ತು ಎಂದು ಮೆಲ್ಲಗೆ, ಯಾರನ್ನೂ ಬೈಯದೆ ಹೇಳಿದರು. ಶನಿವಾರ ಬೆಳಕು ಹರಿಯುವಾಗ ಹೋದ. ಇಪ್ಪತ್ನಾಲ್ಕು ತುಂಬಿರಲಿಲ್ಲ.

ಆ ಹದಿನಾರನೆಯ ದಿನ ನಮ್ಮವರು ನನ್ನನ್ನು ಆಫೀಸಿಗೆ ಕರೆದದ್ದು ಆ ತೆರೆಯದ ಪತ್ರಗಳಿಗಾಗಿ. ಡಿಶ್ಶಿನವರು ಬೆಂಗಳೂರಿನಿಂದ ಬಂದು ನೋಡಿ, ಯಂತ್ರದಲ್ಲಿ ಯಾವ ದೋಷವೂ ಇಲ್ಲ, ಕೀಲಿಯೇ ಬೇರೆ ಹಾಕಿದ್ದಾನೆ ಎಂದು ಹೇಳಿ ಹೋಗಿದ್ದರು. ಆಫೀಸಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟೆ. ಒಳಗೆ ಏಸಿ ಹಾಕಿದ್ದರು, ನೆಲ ಕಾಲಿಗೆ ಕೊರೆಯುತ್ತಿತ್ತು. ನನಗೊಂದು ಸ್ಟೂಲು ಎಳೆದು ಕೊಟ್ಟರು.

"ನಾಕು ಪತ್ರ ಅದಾವು," ಎಂದರು. "ನೀ ಕೊಟ್ಟ ಶಬ್ದ ನೂರು ಸಲ ಹೊಡದೀನಿ. ಅಂವ ಏನ್ ಹೊಡದಿರಬಹುದು, ನೀನೇ ಹೇಳು."

ನಾನು ಕ್ಯಾಲೆಂಡರಿನ ಹಿಂದೆ ಬರೆದ ಆ ಎಂಟಕ್ಷರ ಕಣ್ಣ ಮುಂದೆ ತಂದುಕೊಂಡೆ. ಅದರಲ್ಲಿ ತಪ್ಪಿರಲಿಲ್ಲ. "ಅವತ್ತು ಫೋನಿನಲ್ಲಿ ನೀವು ಹೇಗೆ ಹೇಳಿದಿರಿ? ಹಾಗೇ ಹೇಳಿ," ಎಂದೆ.

ಅವರು ಗೋಡೆ ನೋಡುತ್ತ, ಪಂಪನೇ ಎದುರಿಗೆ ಇದ್ದಾನೆನ್ನುವಂತೆ ಹೇಳಿದರು. "ಏನಪಾ ಪಂಪಣ್ಣ, ನಿಮ್ಮಕ್ಕ ಇವತ್ತು ಬ್ಯಾಳಿಸಾರು ಮಾಡ್ಯಾಳ, ನೀ ಇಲ್ಲಂತ ಮಾರಿ ಸಣ್ಣದು ಮಾಡ್ಯಾಳ."

ಅವರು ಮತ್ತೇನೋ ಹೇಳುತ್ತಿದ್ದರು, ನನಗೆ ಕೇಳಿಸಲಿಲ್ಲ. ನಮ್ಮವರೂ ಬ್ಯಾಳಿ ಎನ್ನುವವರೇ, ಅವ್ವ ಬ್ಯಾಳಿ ಎನ್ನುವವಳೇ, ಈ ಊರಿನಲ್ಲಿ ಬೇಳೆ ಎನ್ನುವವಳು ನಾನೊಬ್ಬಳೇ.

"ಬಿ ಆದಮೇಲೆ ಇ ಬೇಡ," ಎಂದೆ. "ವೈ ಹಾಕಿ, ಎ ಹಾಕಿ. ಎಲ್. ಐ. ಎಸ್. ಎ. ಆರ್."

ಒಂದೊಂದೇ ಬೆರಳಿನಲ್ಲಿ ಒತ್ತಿದರು. "ಕೊನೀಗೆ ಯು ಹಾಕಿದ್ರ ಒಂಬತ್ತು ಆಗ್ತದಲ್ಲ."

"ಸಾರು ಅಂತ ಅವನು ಯಾವತ್ತು ಅಂದಿದ್ದಾನೆ? ಸಾರ್ ಅಂತಲೇ ಅನ್ನುವುದು."

ಸರಿಯಾಗಿ ಎಂಟೇ ಅಕ್ಷರ. ಒಂದು ಹೆಚ್ಚು ಕಮ್ಮಿಯಾಗಿದ್ದರೂ ಅವನಿಗೆ ಅನುಮಾನ ಬರುತ್ತಿತ್ತು. ಅವನ ಬಾಯಲ್ಲೂ ಬೇಳೆಸಾರು ಎಂಟಕ್ಷರವೇ ಆಗಿತ್ತು. ಇಲ್ಲಿ ನಾವು ನಮ್ಮದನ್ನು ಎಣಿಸಿ ಸರಿಯಾಗಿದೆ ಎಂದುಕೊಂಡಿದ್ದೆವು, ಅಲ್ಲಿ ಅವನು ತನ್ನದನ್ನು ಎಣಿಸಿ ಸರಿಯಾಗಿದೆ ಎಂದುಕೊಂಡಿದ್ದ.

ಪರದೆಯ ಮೇಲಿನ ಇಸ್ಪೀಟು ಗುರುತುಗಳೆಲ್ಲ ಹೋಗಿ ಸಾಲುಗಳು ಬಂದವು. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ, ಅವನು ಮಾತಾಡಿದಂತೆಯೇ. ನಮ್ಮವರಿಗೆ ಓದಲಾಗಲಿಲ್ಲ, ಎದ್ದು ಕಿಟಕಿಯ ಹತ್ತಿರ ಹೋದರು. ನಾನೇ ಓದಿದೆ.

ಮಂಗಳವಾರ: "ಭಾವ, ಫೋನ್ ಸತ್ತೈತಿ. ಮಳಿ ಭಾಳ. ನನಗ ಚಳಿಜ್ವರ ಬಂದೈತಿ, ಗುಳಿಗಿ ತಗೊಂಡೀನಿ. ನೀವು ಕಳಿಸಿದ್ದು ಬರೇ ಚಿತ್ತಾರ ಬಂದೈತ್ರಿ, ಇನ್ನೊಮ್ಮೆ ಕಳಸ್ರಿ."

ಬುಧವಾರ ಬೆಳಿಗ್ಗೆಯದು: "ಭಾವ, ಜ್ವರ ಇಳಿವಲ್ದು. ನಿಂತ್ರ ಕಣ್ಣು ಕತ್ತಲಿ ಬರ್ತದ. ಜೀಪ್ ಕಳಸ್ರಿ. ಹಳ್ಳ ಇನ್ನಾ ಸಣ್ಣಗೈತಿ, ಜೀಪ್ ದಾಟ್ತದ ಅಂತಾನ ತಿಪ್ಪಣ್ಣ. ಅಕ್ಕಗ ಹೇಳಬ್ಯಾಡ್ರಿ, ಗಾಬರಿ ಆಗ್ತಾಳ."

ಅದೇ ಹಾಳೆ. ಅದರ ಮೇಲೆ ಪಾತ್ರೆ ಇಟ್ಟಿದ್ದೆ ನಾನು.

ಬುಧವಾರ ಮಧ್ಯಾಹ್ನ ಮೂರಕ್ಕೆ: "ಜೀಪ್ ಹೊಂಟೈತೇನ್ರಿ ಭಾವ? ನಾವು ತಯಾರಾಗಿ ಕುಂತೀವಿ. ಹಳ್ಳದ ಸಪ್ಪಳ ಹೆಚ್ಚಾಗಕತ್ತೈತಿ."

ಗುರುವಾರದ್ದು ಒಂದೇ ಸಾಲು, ಅಕ್ಷರಗಳು ಅಲ್ಲಲ್ಲಿ ಎರಡೆರಡು ಸಲ ಬಿದ್ದಿದ್ದವು: "ಅಕ್ಕಾ ನೀ ಬರಬ್ಯಾಡ ಹಳ್ಳ ಭಾಳ ಐತಿ."

ನಾನು ಯಾವಾಗ ಬರುತ್ತೇನೆಂದು ಹೇಳಿದ್ದೆ? ಜ್ವರದಲ್ಲಿ ಏನು ಕಂಡನೋ. ಹಳ್ಳದ ಆಚೆ ದಡದಲ್ಲಿ ನಾನು ನಿಂತಿದ್ದಂತೆ ಕಂಡನೋ ಏನೋ.

ನಮ್ಮವರು ಕಿಟಕಿಗೆ ಹಣೆ ಒತ್ತಿ ನಿಂತಿದ್ದರು. ಅಲ್ಲಿಂದಲೇ, "ನೀ ಬರದದ್ದು ಸರಿ ಇತ್ತು," ಎಂದರು.

"ನೀವು ಹೇಳಿದ್ದೂ ಸರಿಯಿತ್ತು," ಎಂದೆ.

ಅದಕ್ಕಿಂತ ಹೆಚ್ಚು ನಾವು ಆ ವಿಷಯ ಆಡಲಿಲ್ಲ, ಆ ದಿನ ಅಲ್ಲ, ಆಮೇಲೂ ಅಲ್ಲ. ಅವರು ಹೋಗಿ ಈಗ ಆರು ವರ್ಷ. ಮೊಮ್ಮಗಳ ಫೋನಿನಲ್ಲಿ ಪತ್ರಗಳ ಪಕ್ಕ ಪುಟ್ಟ ಬೀಗದ ಚಿತ್ರ ಬರುತ್ತದೆ. ಕೀಲಿಯನ್ನು ಫೋನುಗಳೇ ತಮ್ಮ ತಮ್ಮಲ್ಲಿ ಮಾತಾಡಿಕೊಳ್ಳುತ್ತವಂತೆ, ಮನುಷ್ಯರು ಬಾಯಿ ಬಿಡಬೇಕಿಲ್ಲವಂತೆ. ಒಳ್ಳೆಯದಾಯಿತು ಎಂದುಕೊಳ್ಳುತ್ತೇನೆ.

ಅವ್ವನಿಗೆ ನಾವು ಹೇಳಲೇ ಇಲ್ಲ. ಮಗ ಜ್ವರ ಬಂದು ಹೋದ ಎಂದಷ್ಟೇ ಅವಳಿಗೆ ಗೊತ್ತಿತ್ತು, ಅಷ್ಟನ್ನೇ ಇಟ್ಟುಕೊಂಡು ಹೋದಳು. ಅವಳ ಮುಂದೆ ಬೇಳೆ ಎನ್ನಲು ನನಗೆ ಬಾಯಿ ಬರುತ್ತಿರಲಿಲ್ಲ, ಬ್ಯಾಳಿ ಎನ್ನಲೂ ಬರುತ್ತಿರಲಿಲ್ಲ. ಅಂಗಡಿಯಲ್ಲಿ ಕೈ ತೋರಿಸಿ, "ಅದು ಒಂದು ಕಿಲೋ ಕೊಡಿ," ಎನ್ನುತ್ತಿದ್ದೆ.

ಆ ದಿನ ಆಫೀಸಿನಿಂದ ಮನೆಗೆ ಬಂದಾಗ ನಾಲ್ಕು ಗಂಟೆ. ನಮ್ಮವರು ಅಂಗಿಯನ್ನೂ ಬಿಚ್ಚದೆ ಗೋಡೆಯ ಕಡೆ ತಿರುಗಿ ಮಲಗಿದರು. ನಾನು ದೀಪ ಹಚ್ಚುವ ಹೊತ್ತಿನವರೆಗೂ ಹಿತ್ತಲ ಕಟ್ಟೆಯ ಮೇಲೆ ಕೂತಿದ್ದೆ. ಜೀಪ್ ಕಳಸ್ರಿ, ಜೀಪ್ ಹೊಂಟೈತೇನ್ರಿ ಎನ್ನುವ ಆ ಎರಡು ಸಾಲು ತಲೆಯಲ್ಲಿ ಸುತ್ತುತ್ತಿದ್ದವು. ಕಳಿಸೋಣವೆಂದರೂ ಆ ಬುಧವಾರ ಕಂಪನಿಯ ಜೀಪು ಎಲ್ಲಿತ್ತೋ, ಬಳ್ಳಾರಿಗೆ ಹೋಗಿತ್ತೋ, ತೋರಣಗಲ್ಲಿಗೆ ಹೋಗಿತ್ತೋ, ಯಾರಿಗೆ ಗೊತ್ತು ಎಂದು ಮನಸ್ಸಿಗೆ ಹೇಳಿಕೊಂಡೆ. ಹಾಗೆ ಹೇಳಿಕೊಂಡ ಮೇಲೆ ಸ್ವಲ್ಪ ಉಸಿರಾಡಲು ಬಂತು.

ಆಗ ಪಕ್ಕದ ಮನೆಯ ಈರಮ್ಮ ಸೆರಗಿನ ಮರೆಯಲ್ಲಿ ಒಂದು ತಾಟು ಹಿಡಿದು ಹಿತ್ತಲಿಂದಲೇ ಬಂದಳು. ನನ್ನ ಮುಖ ನೋಡಿ ತಾಟನ್ನು ಕಟ್ಟೆಯ ಮೇಲೆ ಇಟ್ಟಳು. ಅಕ್ಕಿ ಸಂಡಿಗೆ, ಬೆಳ್ಳಗೆ, ಒಂದೂ ಮುರಿದಿರಲಿಲ್ಲ.

"ಬಾಯಿಗಿ ಏನೂ ರುಚಿ ಇರೂದಿಲ್ಲ, ಎರಡು ಕರಕೊಂಡು ತಿನ್ರಿ ಅಕ್ಕಾರ," ಎಂದಳು. "ಈ ಸಲ ಭಾಳ ಚಲೋ ಒಣಗ್ಯಾವು ನೋಡ್ರಿ. ಹಬ್ಬದ ಮುಂಚಿನ ಬುಧವಾರ ನಿಮ್ಮ ಕಂಪನಿ ಜೀಪು ಮುಂಜಾನಿಂದ ಸಂಜಿತನಕ ಇಲ್ಲೇ ಬಾಗಲ ಮುಂದ ಸುಮ್ನ ನಿಂತಿತ್ತಲ್ರಿ, ಅದರ ಮೂತಿ ಮ್ಯಾಲೆ ಸೀರಿ ಹಾಸಿ ಹಾಕಿದ್ನಿ. ಒಂದೇ ಬಿಸಲಿಗೆ ಗರಿಗರಿ."